ಹೊಣೆ ಹೊತ್ತಿದ್ದ ಬಿಲ್ಲೆಗಳು

ಲಾಸ್ ವೇಗಸ್ ನಗರದಲ್ಲಿ ಮುಲಾನ್ ರೂಜ್ ಎಂಬ ಕ್ಯಾಸಿನೊ 1955ರ ಮೇ 24ರಂದು ಬಾಗಿಲು ತೆರೆಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಮುಚ್ಚಿತು. ಅಲ್ಲಿನ ಆಟದ ಮೇಜುಗಳ ಮೇಲೆ ದುಡ್ಡಿಗೆ ಬದಲಾಗಿ ಓಡಾಡಿದ ಬಿಲ್ಲೆಗಳಲ್ಲಿ ಕೆಲವು ಇನ್ನೂ ಉಳಿದಿವೆ. ಅವನ್ನು ತೆಗೆದುಕೊಂಡು ಹಣ ಎಣಿಸಿಕೊಡುವ ಗಲ್ಲಾ ಇವತ್ತು ಎಲ್ಲೂ ಇಲ್ಲ. ಬಿಲ್ಲೆ ಕೊಟ್ಟವರಿಲ್ಲ, ಕಟ್ಟಡವೂ ಇಲ್ಲ. ಹಾಗಿದ್ದೂ ಸಂಗ್ರಾಹಕರು ಅಂಥ ಒಂದು ಬಿಲ್ಲೆಗಾಗಿ ಅದರ ಮುಖಬೆಲೆಯ ಎಷ್ಟೋ ಪಟ್ಟು ತೆರಲು ಸಿದ್ಧರಿದ್ದಾರೆ. ಚಲಾವಣೆಯಲ್ಲಿದ್ದಾಗ ಐದು ಡಾಲರಿಗೆ ಸಲ್ಲುತ್ತಿದ್ದದ್ದು ಸಲ್ಲದೆ ಹೋದ ಮೇಲೆ ಹೆಚ್ಚು ಬಾಳುತ್ತಿದೆ. ಇದನ್ನು ಹವ್ಯಾಸಿಗಳ ಹುಚ್ಚು ಎಂದು ತಳ್ಳಿಹಾಕುವುದು ಸುಲಭ. ಆದರೆ ಇದರೊಳಗೆ ಹಳೆಯದೂ ಗಟ್ಟಿಯಾದದ್ದೂ ಆದ ಒಂದು ತಾತ್ವಿಕ ಪ್ರಶ್ನೆ ಕೂತಿದೆ. ವಸ್ತುವಿನ ಮೌಲ್ಯ ಇರುವುದು ವಸ್ತುವಿನಲ್ಲೋ, ನೋಡುವವನ ಮನಸ್ಸಿನಲ್ಲೋ? ಎರಡೂ ಅಲ್ಲದಿದ್ದರೆ ಮತ್ತೆಲ್ಲಿ? ಬಿಲ್ಲೆಯ ವಿಷಯದಲ್ಲಾದರೂ ಉತ್ತರ ಮೂರನೆಯದು ಎಂಬುದು ನನ್ನ ವಾದ. ಒಂದು ಕಾಲದಲ್ಲಿ ಯಾರೋ ಆ ಬಿಲ್ಲೆಗೆ ಹೊಣೆಯಾಗಿದ್ದರು. ಆ ಹೊಣೆಯ ಇತಿಹಾಸವೇ ಅದರ ಮೌಲ್ಯ. ಆ ಇತಿಹಾಸ ಕಣ್ಣಿಗೆ ಕಾಣದಿದ್ದರೂ ನಿಜವಾದದ್ದು.

ಮೊದಲು ವಸ್ತುವನ್ನು ಹತ್ತಿರದಿಂದ ನೋಡಬೇಕು. ಅಮೆರಿಕದ ಕ್ಯಾಸಿನೊಗಳಲ್ಲಿ ರೂಢಿಯಲ್ಲಿರುವ ಬಿಲ್ಲೆಯ ಅಗಲ ಸುಮಾರು 39 ಮಿಲಿಮೀಟರ್, ತೂಕ ಹತ್ತು ಗ್ರಾಂ ಆಸುಪಾಸು. ಕ್ಲೇ ಚಿಪ್ ಎಂದು ಕರೆದರೂ ಅದು ಕುಂಬಾರನ ಆವಿಗೆಯಲ್ಲಿ ಸುಟ್ಟ ಮಣ್ಣಲ್ಲ. ಖನಿಜದ ಪುಡಿಗಳನ್ನು ಅಂಟಿನ ಜೊತೆ ಕಲಸಿ, ಬಿಸಿ ಅಚ್ಚಿನಲ್ಲಿಟ್ಟು ಭಾರೀ ಒತ್ತಡದಿಂದ ಒತ್ತಿ ತೆಗೆದದ್ದು. ಅಂಚಿನಲ್ಲಿ ಕಾಣುವ ಬೇರೆ ಬಣ್ಣದ ಪಟ್ಟೆಗಳು ಮೇಲೆ ಬಳಿದ ಬಣ್ಣವಲ್ಲ. ಬಿಲ್ಲೆಯ ಅಂಚನ್ನು ಅಲ್ಲಲ್ಲಿ ಕತ್ತರಿಸಿ, ಬೇರೆ ಬಣ್ಣದ ತುಂಡು ಕೂಡಿಸಿ, ಮತ್ತೆ ಒತ್ತಿದ್ದರಿಂದ ಅವು ಮೂಡಿವೆ. ಆದ್ದರಿಂದಲೇ ಇಪ್ಪತ್ತು ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಾಗ ಪಕ್ಕದಿಂದಲೇ ಪಟ್ಟೆಗಳ ಸಾಲು ಕಾಣುತ್ತದೆ. ನಡುವೆ ಬೇರೆ ಬೆಲೆಯದೊಂದು ನುಸುಳಿದ್ದರೆ ಮೇಲಿನ ಕ್ಯಾಮೆರಾಕ್ಕೂ ಗೊತ್ತಾಗುತ್ತದೆ. ಮಧ್ಯದಲ್ಲಿ ಕ್ಯಾಸಿನೊದ ಹೆಸರು, ಊರು, ಬೆಲೆ ಮುದ್ರಿಸಿದ ತೆಳು ಚಕ್ರ. ಸುತ್ತ ದೊರಗು ಮೈ. ಪಳಗಿದ ಸಂಗ್ರಾಹಕ ಹೆಸರಿಗಿಂತ ಮೊದಲು ನೋಡುವುದು ಸುತ್ತಿನ ಅಚ್ಚನ್ನು. ಪಾಲ್ ಎಂಡಿ ಎಂಬುವರು 1963ರಲ್ಲಿ ಲಾಸ್ ವೇಗಸ್‌ನಲ್ಲಿ ಶುರುಮಾಡಿದ ಪಾಲ್‌ಸನ್ ಕಂಪನಿಯ ಬಿಲ್ಲೆಗಳ ಸುತ್ತ ಉದ್ದ ಟೋಪಿ ಮತ್ತು ಕೈಕೋಲಿನ ಚಿತ್ರ ಸಾಲಾಗಿ ಒತ್ತಿರುತ್ತದೆ. 1955ರದೆಂದು ಹೇಳಿಕೊಳ್ಳುವ ಬಿಲ್ಲೆಯ ಮೇಲೆ ಈ ಟೋಪಿ ಕೈಕೋಲು ಕಂಡರೆ ಅಲ್ಲಿಗೆ ಮಾತು ಮುಗಿಯಿತು. ಬಣ್ಣ ಎಷ್ಟೇ ಚೆನ್ನಾಗಿರಲಿ, ಅಕ್ಷರ ಎಷ್ಟೇ ತಿದ್ದಿದಂತಿರಲಿ, ಅದು ಆ ಕಾಲದ್ದಲ್ಲ.

ಇನ್ನು ಬಿಲ್ಲೆ ಎಂದರೆ ಕಾನೂನಿನ ಕಣ್ಣಿನಲ್ಲಿ ಏನು ಎಂಬುದು. ಲಾಸ್ ವೇಗಸ್ ಇರುವ ನೆವಾಡಾ ರಾಜ್ಯದ ಜೂಜು ನಿಯಮಾವಳಿಯ 12ನೇ ನಿಯಮ ಇದಕ್ಕೆ ಕೊಡುವ ಉತ್ತರ ಅಚ್ಚರಿಪಡುವಷ್ಟು ತಾತ್ವಿಕವಾಗಿದೆ. ಬಿಲ್ಲೆ ತಾನೇ ಹಣವಲ್ಲ, ಹಣದ ಪ್ರತಿನಿಧಿ ಮಾತ್ರ. ಅದನ್ನು ಇಟ್ಟುಕೊಂಡವನಿಗೆ ಕ್ಯಾಸಿನೊ ಸಾಲಗಾರ ಎಂಬುದಕ್ಕೆ ಅದು ಪುರಾವೆ. ಅಷ್ಟೇ ಅಲ್ಲ, ಬಿಲ್ಲೆ ಪರವಾನಗಿ ಪಡೆದ ಕ್ಯಾಸಿನೊದ ಸ್ವತ್ತೇ ಹೊರತು ಬೇರೆ ಯಾರದ್ದೂ ಅಲ್ಲ. ಜೇಬಿನಲ್ಲಿ ಬಿಲ್ಲೆ ಇಟ್ಟುಕೊಂಡವನು ಅದರ ಒಡೆಯನಲ್ಲ, ಅದನ್ನು ಕಾಪಿಟ್ಟುಕೊಂಡವನು. ಅವನದ್ದಾಗಿರುವುದು ಬಿಲ್ಲೆಯಲ್ಲ, ಬಿಲ್ಲೆ ತೋರಿಸುವ ಋಣ. ಇದು ಬರೀ ಕಾಗದದ ಮೇಲಿನ ಮಾತಲ್ಲ ಎಂಬುದಕ್ಕೆ 2010ರ ಡಿಸೆಂಬರ್ 14ರ ಘಟನೆ ಸಾಕ್ಷಿ. ಹೆಲ್ಮೆಟ್ ಧರಿಸಿ ಬಂದ ಒಬ್ಬ ದರೋಡೆಕೋರ ಬೆಲಾಜಿಯೊ ಕ್ಯಾಸಿನೊದಿಂದ ಸುಮಾರು 15 ಲಕ್ಷ ಡಾಲರ್ ಮುಖಬೆಲೆಯ ಬಿಲ್ಲೆಗಳನ್ನು ದೋಚಿಕೊಂಡು ಮೋಟಾರ್ ಸೈಕಲ್ ಏರಿ ಪರಾರಿಯಾದ. ಕ್ಯಾಸಿನೊ ಮಾಡಿದ್ದಿಷ್ಟು: 25,000 ಡಾಲರ್ ಬಿಲ್ಲೆಗಳ ಆ ಸರಣಿಯನ್ನೇ ಹಿಂತೆಗೆದುಕೊಳ್ಳುವುದಾಗಿ ಸಾರಿ, 2011ರ ಏಪ್ರಿಲ್ 22ರ ಗಡುವು ಕೊಟ್ಟಿತು. ಆಮೇಲೆ ಬಂದವರಿಗೆ ಚಿಕ್ಕಾಸೂ ಇಲ್ಲ. ಬಿಲ್ಲೆಯ ಮೈಯಲ್ಲಿ ಒಂದು ಕಣವೂ ಬದಲಾಗಲಿಲ್ಲ. ಕೊಟ್ಟ ಮಾತು ಹಿಂದಕ್ಕೆ ಹೋಯಿತು, ಅಷ್ಟೆ. ಕಳ್ಳ ಹೊತ್ತುಕೊಂಡು ಹೋದದ್ದು ಮಾತನ್ನಲ್ಲ, ಮಾತಿನ ಗುರುತನ್ನು. ಅವನು ಕಡೆಗೆ ಸಿಕ್ಕಿಬಿದ್ದದ್ದೂ ಆ ಗುರುತನ್ನು ಮತ್ತೆ ದುಡ್ಡಾಗಿಸಲು ಗಿರಾಕಿ ಹುಡುಕುವಾಗ.

ಹಾಗಾದರೆ ಉಳಿದುಕೊಂಡ ಪ್ರತಿಯೊಂದು ಹಳೆಯ ಬಿಲ್ಲೆಯೂ ಯಾರೋ ಕೇಳದೆ ಬಿಟ್ಟ ಒಂದು ಸಾಲ. ಕ್ಯಾಸಿನೊ ಮುಚ್ಚುವಾಗ ಬಿಲ್ಲೆಗಳಿಗೆ ಹಣ ಕೊಡುವ ಮತ್ತು ಅವನ್ನು ವಿಲೇವಾರಿ ಮಾಡುವ ಯೋಜನೆಯನ್ನು ನಿಯಂತ್ರಣ ಮಂಡಳಿಯ ಮುಂದಿಡಬೇಕು, ಜನರಿಗೆ ಪ್ರಕಟಣೆ ಕೊಡಬೇಕು, ಅವಧಿ ಮುಗಿದ ಮೇಲೆ ತನ್ನ ಬಳಿ ಇರುವುದನ್ನು ನಾಶಮಾಡಬೇಕು. ಅಂದರೆ ವ್ಯವಸ್ಥೆಯ ಉದ್ದೇಶವೇ ಒಂದು ಬಿಲ್ಲೆಯೂ ಉಳಿಯಬಾರದು ಎಂಬುದು. ಉಳಿದವು ಹೇಗೆ ಉಳಿದವು? ಒಬ್ಬರು ನೆನಪಿಗೆಂದು ಒಂದು ಡಾಲರಿನದ್ದನ್ನು ಮನೆಗೆ ಒಯ್ದಿರುತ್ತಾರೆ. ಇನ್ನೊಬ್ಬರ ಕೋಟಿನ ಒಳಜೇಬಿನಲ್ಲಿ ಮರೆತು ಉಳಿದಿರುತ್ತದೆ. ಒಂದು ಡಾಲರು, ಐದು ಡಾಲರಿನವು ಹೆಚ್ಚು ಉಳಿದು ನೂರು ಡಾಲರಿನವು ಕಡಿಮೆ ಉಳಿದದ್ದಕ್ಕೆ ಕಾರಣವೂ ಇದೇ. ಐದು ಡಾಲರನ್ನು ನೆನಪಿಗಾಗಿ ಬಿಟ್ಟುಕೊಡಬಹುದು, ನೂರನ್ನು ಬಿಡುವವರು ವಿರಳ. 1960ರ ಜೂನ್ 17ರ ಬೆಂಕಿಯಲ್ಲಿ ಎಲ್ ರಾಂಚೊ ವೇಗಸ್ ಸುಟ್ಟುಹೋಯಿತು. 1941ರಲ್ಲಿ ಶುರುವಾಗಿದ್ದ ಅದು ಇಂದಿನ ಸ್ಟ್ರಿಪ್ ಎಂಬ ಬೀದಿಯ ಮೊದಲ ಕ್ಯಾಸಿನೊ ಹೋಟೆಲು. ಸ್ಯಾಂಡ್ಸ್, ಡ್ಯೂನ್ಸ್, ಹಸಿಯೆಂಡಾ ಎಂಬ ಕ್ಯಾಸಿನೊಗಳನ್ನು 1990ರ ದಶಕದಲ್ಲಿ ಸಿಡಿಮದ್ದಿಟ್ಟು ಕೆಡವಿದರು. ಕೊಟ್ಟ ಮಾತಿಗೆ ಆಧಾರವಾಗಿದ್ದ ಮನೆಯೇ ಹೋದ ಮೇಲೆ ಮಾತಿನ ಗುರುತಾಗಿ ಈ ಪುಟ್ಟ ಚಕ್ರಗಳು ಉಳಿದವು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಇಷ್ಟೆಲ್ಲ ಸುತ್ತಿ ಬಳಸುವುದೇಕೆ, ಅಪರೂಪವಾದದ್ದಕ್ಕೆ ಬೆಲೆ, ಹೇರಳವಾದದ್ದಕ್ಕೆ ಇಲ್ಲ, ಅರ್ಥಶಾಸ್ತ್ರದ ಮೊದಲ ಪಾಠ ಇದೇ ಅಲ್ಲವೇ ಎಂದು. ಈ ಮಾತಿನಲ್ಲಿ ಹುರುಳಿದೆ. ಗಿಯೋರ್ಗ್ ಸಿಮ್ಮೆಲ್ ಎಂಬ ಜರ್ಮನ್ ಚಿಂತಕ 1900ರಲ್ಲಿ ಪ್ರಕಟಿಸಿದ ಹಣದ ತತ್ವಶಾಸ್ತ್ರದ ಗ್ರಂಥದಲ್ಲಿ ಇದನ್ನು ಇನ್ನೂ ಸೂಕ್ಷ್ಮವಾಗಿ ಹೇಳುತ್ತಾನೆ: ನಮ್ಮ ಬಯಕೆಗೂ ವಸ್ತುವಿಗೂ ನಡುವೆ ಒಂದು ಅಂತರ, ಒಂದು ಅಡ್ಡಿ ಇದ್ದಾಗಲೇ ಮೌಲ್ಯ ಹುಟ್ಟುತ್ತದೆ. ಒಪ್ಪೋಣ. ಆದರೆ ವಿರಳತೆ ಬಯಕೆಯನ್ನು ಹೆಚ್ಚಿಸಬಲ್ಲದು, ಹುಟ್ಟಿಸಲಾರದು. ಜೇಡಿಮಣ್ಣಿನ ಉಂಡೆಯನ್ನು ಅಂಗೈಯಲ್ಲಿ ತಟ್ಟಿದರೆ ಅಂಥದು ಜಗತ್ತಿನಲ್ಲಿ ಒಂದೇ. ಅದನ್ನು ಯಾರೂ ಕೇಳುವುದಿಲ್ಲ. ಇದಕ್ಕೆ ಬಿಲ್ಲೆಗಳ ಲೋಕದಲ್ಲೇ ಒಳ್ಳೆಯ ನಿದರ್ಶನವಿದೆ. 1990ರ ದಶಕದಲ್ಲಿ, ಸಂಗ್ರಾಹಕರು ಹೆಚ್ಚುತ್ತಿದ್ದಾರೆಂದು ಕಂಡುಕೊಂಡ ಕ್ಯಾಸಿನೊಗಳು ಹಬ್ಬಕ್ಕೊಂದು, ಸಂಗೀತ ಕಛೇರಿಗೊಂದು, ಬಾಕ್ಸಿಂಗ್ ಪಂದ್ಯಕ್ಕೊಂದು ಸೀಮಿತ ಆವೃತ್ತಿಯ ಬಿಲ್ಲೆಗಳನ್ನು ಹೊರತಂದವು. 1995ರಲ್ಲಿ ತೆರೆದ ಹಾರ್ಡ್ ರಾಕ್ ಹೋಟೆಲು ಇಂಥವಕ್ಕೆ ಹೆಸರುವಾಸಿಯಾಯಿತು. ಕ್ಯಾಸಿನೊಗೆ ಇದರಲ್ಲಿ ಸ್ಪಷ್ಟ ಲಾಭ: ಐದು ಡಾಲರ್ ಕೊಟ್ಟು ಕೊಂಡ ಬಿಲ್ಲೆಯನ್ನು ಗಿರಾಕಿ ಮನೆಗೆ ಒಯ್ದರೆ ಆ ಐದು ಡಾಲರನ್ನು ಹಿಂದಿರುಗಿಸುವ ಪ್ರಮೇಯವೇ ಬರುವುದಿಲ್ಲ. ಎಷ್ಟು ಮುದ್ರಿಸಿದ್ದೇವೆಂಬ ಸಂಖ್ಯೆಯೂ ಬಿಲ್ಲೆಯ ಮೇಲೇ ಇರುತ್ತಿತ್ತು. ಇಷ್ಟಿದ್ದರೂ ಪಳಗಿದ ಸಂಗ್ರಾಹಕರ ಮನಸ್ಸು ಇವಕ್ಕಿಂತ, ಎಷ್ಟು ಮಾಡಿದರೆಂದೇ ಗೊತ್ತಿಲ್ಲದ ಹಳೆಯ ದಿನಬಳಕೆಯ ಬಿಲ್ಲೆಗಳ ಕಡೆಗೇ ವಾಲುತ್ತದೆ. ಕಪಾಟಿನಲ್ಲಿ ಕೂರುವುದಕ್ಕೆಂದೇ ಹುಟ್ಟಿದ ಬಿಲ್ಲೆ ಹೊಣೆಯ ವೇಷ ತೊಟ್ಟಿದೆಯೇ ಹೊರತು ಯಾರ ಗಂಭೀರ ಪಣವನ್ನೂ ಹೊತ್ತದ್ದಲ್ಲ. ಹಳೆಯ ಬಿಲ್ಲೆಗಳ ದೊಡ್ಡ ರಾಶಿಯೊಂದು ಹೊರಬಿದ್ದರೆ ಅವುಗಳ ದರ ಕುಸಿಯುತ್ತದೆ, ನಿಜ. ಅದು ಕೊಳ್ಳುವವರ ಸಾಲು ಎಷ್ಟು ಉದ್ದ ಎಂಬುದನ್ನು ಹೇಳುತ್ತದೆ. ಜನ ಆ ಸಾಲಿನಲ್ಲಿ ಏಕೆ ನಿಂತರು ಎಂಬುದನ್ನು ಹೇಳುವುದಿಲ್ಲ.

ವಿರಳತೆ ಸಾಲದೆಂದಾದರೆ ಮುಂದಿನ ಉತ್ತರ ಸ್ಪರ್ಶದ್ದು. ಇದು ಧಾರ್ಮಿಕ ಲೋಕದಿಂದ ಬಂದದ್ದು. ಬೌದ್ಧ ಸಂಪ್ರದಾಯ ಪೂಜಾರ್ಹವಾದ ಕುರುಹುಗಳನ್ನು ಮೂರಾಗಿ ವಿಂಗಡಿಸಿತು: ಬುದ್ಧನ ದೇಹದಿಂದ ಉಳಿದ ಶಾರೀರಿಕ, ಅವನು ಬಳಸಿದ ಪಾತ್ರೆ, ಕೂತ ಬೋಧಿವೃಕ್ಷದಂಥ ಪಾರಿಭೋಗಿಕ, ಅವನ ನೆನಪಿಗೆಂದು ಮಾಡಿದ ಮೂರ್ತಿಯಂಥ ಉದ್ದೇಶಿಕ. ರೋಮನ್ ಕ್ಯಾಥೊಲಿಕರೂ ಸಂತರ ದೇಹಾವಶೇಷ, ಅವರು ಬಳಸಿದ ವಸ್ತು, ಅವಶೇಷವನ್ನು ಮುಟ್ಟಿಸಿದ ವಸ್ತು ಎಂದು ಮೂರು ದರ್ಜೆ ಮಾಡಿಕೊಂಡಿದ್ದರು. ಈ ಲೆಕ್ಕದಲ್ಲಿ ಬಿಲ್ಲೆ ಪಾರಿಭೋಗಿಕ. ಸ್ಯಾಂಡ್ಸ್ ಕ್ಯಾಸಿನೊದ ಬಿಲ್ಲೆ ಫ್ರಾಂಕ್ ಸಿನಾಟ್ರಾ, ಡೀನ್ ಮಾರ್ಟಿನ್ ಹಾಡುತ್ತಿದ್ದ ಮನೆಯದು. ಫ್ಲಮಿಂಗೊ ಕ್ಯಾಸಿನೊದ ಆರಂಭದ ಬಿಲ್ಲೆ ಬಗ್ಸಿ ಸೀಗಲ್ ಎಂಬ ಭೂಗತ ಪಾತಕಿ 1946ರ ಡಿಸೆಂಬರಿನಲ್ಲಿ ಬಾಗಿಲು ತೆರೆದು ಆರು ತಿಂಗಳಲ್ಲೇ ಗುಂಡೇಟಿಗೆ ಸತ್ತ ಕಾಲದ್ದು. ಮುಟ್ಟಿದವರ ಮಹಿಮೆ ಮುಟ್ಟಿದ ವಸ್ತುವಿಗೆ ಅಂಟಿಕೊಂಡಿತು ಎನ್ನುವ ಈ ಉತ್ತರಕ್ಕೆ ಆಕರ್ಷಣೆ ಇದೆ, ಬಹಳ ಮಂದಿ ಇದನ್ನೇ ನಂಬುತ್ತಾರೆ. ಆದರೆ ಒಂದು ಹಟಮಾರಿ ಸಂಗತಿ ಇದನ್ನು ನಿಲ್ಲಗೊಡುವುದಿಲ್ಲ. ಸಂಗ್ರಾಹಕರು ಹೆಚ್ಚು ಬೆಲೆ ಕೊಡುವುದು ಸವೆದ ಬಿಲ್ಲೆಗಲ್ಲ, ಸವೆಯದ ಬಿಲ್ಲೆಗೆ. ಅಂಚು ಚೂಪಾಗಿರಬೇಕು, ಮೈಯ ದೊರಗು ಹಾಗೇ ಇರಬೇಕು, ನಡುವಿನ ಚಕ್ರ ಗೀರಿಲ್ಲದೆ ಹೊಳೆಯಬೇಕು. ಸ್ಪರ್ಶವೇ ಮೌಲ್ಯದ ಮೂಲವಾಗಿದ್ದರೆ ಸಾವಿರ ಕೈ ದಾಟಿ ಅಂಚು ಸವೆದುಹೋದ ಬಿಲ್ಲೆಗೆ ಅಗ್ರಸ್ಥಾನ ಸಿಗಬೇಕಿತ್ತು. ಎಂದೂ ಮೇಜಿನ ಮೇಲೆ ಬೀಳದ ಬಿಲ್ಲೆಯನ್ನು ಯಾರ ಬೆರಳೂ ಪವಿತ್ರ ಮಾಡಿರುವುದಿಲ್ಲ.

ಈ ಸಂಗತಿಯೇ ನನ್ನನ್ನು ಹೊಣೆಯ ಕಡೆಗೆ ತಂದದ್ದು. ಹೊಸದರಂತಿರುವ ಹಳೆಯ ಬಿಲ್ಲೆಯನ್ನೂ ಸವೆದದ್ದನ್ನೂ ಒಂದೇ ಕುಲಕ್ಕೆ ಸೇರಿಸುವುದು ಯಾವುದು? ಇಂಥ ಕ್ಯಾಸಿನೊ, ಇಂಥ ಊರಿನಲ್ಲಿ, ಇಂಥ ಕಾಲದಲ್ಲಿ, ಇದನ್ನು ತಂದವನಿಗೆ ಇಷ್ಟು ಕೊಡುತ್ತೇನೆಂದು ಎರಡಕ್ಕೂ ಸಮನಾಗಿ ಬದ್ಧವಾಗಿತ್ತು. ಶಿಲಾಶಾಸನವನ್ನು ಯೋಚಿಸಿ: ದಾನ ಕೊಟ್ಟ ದೊರೆಯ ಮಾತು ಅಕ್ಷರ ಸವೆದ ಕಲ್ಲಿನಲ್ಲೂ ಇದೆ, ಸ್ಫುಟವಾಗಿರುವ ಕಲ್ಲಿನಲ್ಲೂ ಇದೆ; ಆದರೂ ಓದಬರುವ ಕಲ್ಲನ್ನು ನಾವು ಹೆಚ್ಚು ಆದರಿಸುತ್ತೇವೆ. ಬಿಲ್ಲೆಯ ಸ್ಥಿತಿಗೆ ಬರುವ ಬೆಲೆ ಮಾತಿನ ಸ್ಫುಟತೆಗೆ ಬರುವ ಬೆಲೆ. ಸಂಗ್ರಾಹಕರ ಇನ್ನೆರಡು ಪದ್ಧತಿಗಳು ಇದನ್ನು ಗಟ್ಟಿ ಮಾಡುತ್ತವೆ. ಕೆಲವು ಬಿಲ್ಲೆಗಳಿಗೆ ನಡುವೆ ತೂತು ಕೊರೆದೋ ಅಂಚಿಗೆ ಕಚ್ಚು ಹಾಕಿಯೋ ರದ್ದು ಮಾಡಿರುತ್ತಾರೆ. ಅವೂ ಅಷ್ಟೇ ಹಳೆಯವು, ಅದೇ ಅಚ್ಚಿನವು, ಕೈದಾಟಿದವು. ಆದರೂ ತೂತಿಲ್ಲದವಕ್ಕಿಂತ ಅವಕ್ಕೆ ಬೇಡಿಕೆ ಕಡಿಮೆ. ಅಂದಗೆಟ್ಟದ್ದು ಒಂದು ಕಾರಣ. ಅದರ ಜೊತೆಗೆ, ಆ ತೂತು ಕ್ಯಾಸಿನೊದವರೇ ಮಾತನ್ನು ವಿಧಿವತ್ತಾಗಿ ಹಿಂದಕ್ಕೆ ಪಡೆದದ್ದರ ಗುರುತು. ತೂತಿಲ್ಲದ ಬಿಲ್ಲೆಯಲ್ಲಿ ಋಣ ತೀರಿಲ್ಲ, ಹಾಗೇ ನಿಂತುಹೋಗಿದೆ. ಇನ್ನೊಂದು ಕಡೆ, ಎಂದೂ ಇರದಿದ್ದ ಕ್ಯಾಸಿನೊಗಳ ಹೆಸರಿನಲ್ಲೋ, ಮುಚ್ಚಿಹೋದ ಕ್ಯಾಸಿನೊಗಳ ಹೆಸರನ್ನು ಆಮೇಲೆ ಬಳಸಿಯೋ ತಯಾರಿಸಿದ ಬಿಲ್ಲೆಗಳಿವೆ. ಫ್ಯಾಂಟಸಿ ಚಿಪ್ ಎಂದು ಅವನ್ನು ಬೇರೆಯಾಗಿಯೇ ಹೆಸರಿಸುತ್ತಾರೆ. ಅಚ್ಚು ಒಳ್ಳೆಯದಿರಬಹುದು, ಬಣ್ಣ ಅಸಲಿಗಿಂತ ಚೆಲುವಾಗಿರಬಹುದು, ಮಾಡಿದ್ದು ಕೆಲವೇ ನೂರು ಇರಬಹುದು. ಆದರೆ ಅವಕ್ಕೆ ಎಂದೂ ಯಾರೂ ಜವಾಬು ಹೇಳಬೇಕಿರಲಿಲ್ಲ. ಸಂಗ್ರಾಹಕರ ಪಟ್ಟಿಗಳಲ್ಲಿ ಅವಕ್ಕೆ ಹೊರಗಿನ ಜಗಲಿಯೇ ಗತಿ.

ಈಗ ಕಷ್ಟದ ಆಕ್ಷೇಪಕ್ಕೆ ಬರೋಣ. ಅಸಲಿ ಬಿಲ್ಲೆಯನ್ನೂ ಪರಿಪೂರ್ಣ ನಕಲನ್ನೂ ಎದುರಿಗಿಟ್ಟು ನೋಡಿದರೆ ಕಣ್ಣಿಗೆ, ಬೆರಳಿಗೆ, ತಕ್ಕಡಿಗೆ ಯಾವ ಭೇದವೂ ಸಿಗದು ಎಂದಿಟ್ಟುಕೊಳ್ಳಿ. ಆಗ ನೀನು ಹೇಳುವ ಹೊಣೆ ಎಲ್ಲಿದೆ? ಶಂಕರರು ಬ್ರಹ್ಮಸೂತ್ರ ಭಾಷ್ಯವನ್ನು ಆರಂಭಿಸುವುದೇ ಅಧ್ಯಾಸದ ವಿಚಾರದಿಂದ. ಕಪ್ಪೆಚಿಪ್ಪಿನಲ್ಲಿ ಬೆಳ್ಳಿ ಕಾಣುವಂತೆ, ಇಲ್ಲದ್ದನ್ನು ಇರುವುದರ ಮೇಲೆ ಹೊರಿಸುವ ಮನಸ್ಸಿನ ಚಟ. ಮಣ್ಣಿನ ಬಿಲ್ಲೆಯ ಮೇಲೆ ಇತಿಹಾಸವನ್ನು ಹೊರಿಸಿ ಅದನ್ನು ಬಿಲ್ಲೆಯದೇ ಗುಣವೆಂದು ಬಗೆಯುವುದು ಇದಕ್ಕೆ ತಕ್ಕ ಉದಾಹರಣೆಯಲ್ಲವೇ? ಈ ಆಕ್ಷೇಪದ ಬಲ ದೊಡ್ಡದು. ಆದರೆ ಉತ್ತರವೂ ಅದ್ವೈತದ ಮನೆಯಲ್ಲೇ ಸಿಗುತ್ತದೆ. ಭ್ರಮೆಯನ್ನು ಭ್ರಮೆಯೆಂದು ಗುರುತಿಸುವ ಒರೆಗಲ್ಲನ್ನು ಅದ್ವೈತಿಗಳು ಬಾಧ ಎನ್ನುತ್ತಾರೆ: ಮುಂದಿನ ತಿಳಿವು ಹಿಂದಿನದನ್ನು ಅಳಿಸಬೇಕು. ಚಿಪ್ಪನ್ನು ಎತ್ತಿ ನೋಡಿದರೆ ಬೆಳ್ಳಿ ಹೋಗಿಬಿಡುತ್ತದೆ. ಬಿಲ್ಲೆಯನ್ನು ಎತ್ತಿ ನೋಡಿದರೆ ಏನಾಗುತ್ತದೆ? ನಕಲಿಯದಾದರೆ ಅಚ್ಚಿನ ಕಾಲ ತಾಳೆಯಾಗುವುದಿಲ್ಲ, ಕೈಯಿಂದ ಕೈಗೆ ಬಂದ ಕಥೆ ನಡುವೆ ಮುರಿಯುತ್ತದೆ, ಮೌಲ್ಯ ಬೆಳ್ಳಿಯಂತೆಯೇ ಮಾಯವಾಗುತ್ತದೆ. ಅಸಲಿಯಾದರೆ ಹುಡುಕಿದಷ್ಟೂ ಸಾಕ್ಷಿ ಕೂಡಿಬರುತ್ತದೆ: ತಯಾರಕರ ದಾಖಲೆ, ಅಚ್ಚು ಬಳಕೆಯಲ್ಲಿದ್ದ ವರ್ಷಗಳು, ಅದೇ ಮನೆಯ ಬೇರೆ ಬಿಲ್ಲೆಗಳು, ಹಳೆಯ ಫೋಟೊಗಳು. ವಿಚಾರಣೆ ಹೆಚ್ಚಿದಂತೆ ಗಟ್ಟಿಯಾಗುವುದನ್ನೂ ವಿಚಾರಣೆಯಿಂದ ಕರಗುವುದನ್ನೂ ಒಂದೇ ಹೆಸರಿನಿಂದ ಕರೆಯಲಾಗದು. ಇದೆಲ್ಲ ವ್ಯಾವಹಾರಿಕ ಸತ್ಯ ಮಾತ್ರ, ಪರಮಾರ್ಥದಲ್ಲಿ ಇದಕ್ಕೆ ನೆಲೆಯಿಲ್ಲ ಎಂದು ಅದ್ವೈತಿ ಹೇಳಬಹುದು. ಆಗಲಿ, ಸಾಲ, ಹೊಣೆ, ಮಾತು ಇವೆಲ್ಲವೂ ಇರುವುದೇ ಆ ವ್ಯವಹಾರದ ಅಂಗಳದಲ್ಲಿ.

ಕಣ್ಣಿಗೆ ಕಾಣದ ಭೂತಕಾಲ ಈಗಿರುವ ವಸ್ತುವಿನ ಗುಣ ಹೇಗಾದೀತು ಎಂಬ ತೊಡಕು ಇನ್ನೂ ಉಳಿಯಿತು. ಅವನೇ ಈ ದೇವದತ್ತ ಎಂಬ ಗುರುತಿಸುವಿಕೆಯನ್ನು ಹಿಡಿದು ನಮ್ಮ ದರ್ಶನಕಾರರು ಶತಮಾನಗಳ ಕಾಲ ಚರ್ಚಿಸಿದ್ದು ಈ ತೊಡಕನ್ನೇ. ಎದುರಿಗೆ ಕಾಣುವುದು ಈಗಿನ ದೇವದತ್ತ. ಅವನೇ ಎಂಬ ಅಂಶ ಹಿಂದಿನದು. ನೈಯಾಯಿಕರು ಇದನ್ನು ಪ್ರತ್ಯಭಿಜ್ಞೆ ಎಂದರು, ಸಂಸ್ಕಾರದ ನೆರವಿನಿಂದ ಮೂಡಿದ ಪ್ರತ್ಯಕ್ಷವೆಂದರು. ಹಿಂದಿನದರೊಡನೆ ಇರುವ ನಂಟು ವ್ಯಕ್ತಿಯದೇ ಧರ್ಮ ಎಂದು ಒಪ್ಪಿದರು. ಆದರೆ ಬರಿಯ ನೆನಪನ್ನು ಪ್ರಮಾಣವೆಂದು ಒಪ್ಪಲು ಅವರು ಸಿದ್ಧರಿರಲಿಲ್ಲ. ಒಂದು ಹೆಜ್ಜೆ ಮುಂದೆ ಹೋದವರು ಉಡುಪಿಯ ಮಧ್ವಾಚಾರ್ಯರ ಪರಂಪರೆಯವರು. ಜಯತೀರ್ಥರು ಪ್ರಮಾಣಪದ್ಧತಿಯಲ್ಲಿ ಸ್ಮೃತಿಯೂ ಯಥಾರ್ಥ ಜ್ಞಾನವೇ ಎಂದು ಸಾಧಿಸುತ್ತಾರೆ: ನೆನಪಿನ ವಿಷಯ ನಿಜವಾಗಿ ಇತ್ತು, ಇದ್ದದ್ದನ್ನು ಇದ್ದಂತೆ ತಿಳಿಸುವ ನೆನಪು ಸುಳ್ಳಾಗುವುದು ಹೇಗೆ? ಈ ನಿಲುವು ನನಗೆ ಬಹಳ ಸರಿಯೆನಿಸುತ್ತದೆ. ಕಳೆದುಹೋದದ್ದು ಈಗ ಇಲ್ಲ, ಆದರೆ ಅದು ಇತ್ತು ಎಂಬುದು ಈಗಲೂ ಸತ್ಯ. ಹೆತ್ತ ತಾಯಿ ಯಾರೆಂಬುದು ಮೈಯನ್ನು ಎಷ್ಟು ಪರೀಕ್ಷಿಸಿದರೂ ಚರ್ಮದ ಮೇಲೆ ಬರೆದಿರುವುದಿಲ್ಲ. ಹಾಗೆಂದು ತಾಯ್ತನ ಕಲ್ಪನೆಯಾಗುವುದಿಲ್ಲ. ಎಲ್ಲವೂ ಕ್ಷಣಿಕ, ಉಳಿದು ಬರುವ ವಸ್ತುವೇ ಇಲ್ಲ ಎಂಬ ಬೌದ್ಧ ವಾದವೂ ಇಲ್ಲಿ ಅಡ್ಡಿಯಲ್ಲ. ಸಂತಾನ, ಅಂದರೆ ಕ್ಷಣದಿಂದ ಕ್ಷಣಕ್ಕೆ ಕಡಿಯದೆ ಹರಿಯುವ ಧಾರೆಯನ್ನು ಅವರೂ ಒಪ್ಪುತ್ತಾರೆ, ಬಿಲ್ಲೆಗೆ ಬೇಕಾದದ್ದು ಅಷ್ಟೇ. ಅಮೆರಿಕದ ತತ್ವಜ್ಞ ನೆಲ್ಸನ್ ಗುಡ್‌ಮನ್ 1968ರಲ್ಲಿ ಖೋಟಾ ಚಿತ್ರಗಳನ್ನು ಕುರಿತು ಇದಕ್ಕೆ ಹತ್ತಿರದ ಮಾತನ್ನೇ ಆಡಿದ: ಇವತ್ತು ಎರಡರ ಭೇದ ಕಾಣದಿದ್ದರೂ, ಭೇದ ಇದೆಯೆಂಬ ಅರಿವು ನಾವು ಹೇಗೆ ನೋಡಬೇಕು, ಏನನ್ನು ಹುಡುಕಬೇಕು ಎಂಬುದನ್ನೇ ಬದಲಿಸುತ್ತದೆ.

ಎಡಪಂಥದ ಕಡೆಯಿಂದ ಇನ್ನೊಂದು ಆಕ್ಷೇಪ ಬರಬಹುದು. ಮನುಷ್ಯರ ನಡುವಿನ ಸಂಬಂಧ ವಸ್ತುಗಳ ಗುಣದಂತೆ ಕಾಣಿಸುವುದನ್ನು ಮಾರ್ಕ್ಸ್ 1867ರ ಬಂಡವಾಳ ಗ್ರಂಥದಲ್ಲಿ ಸರಕಿನ ಮೋಹವೆಂದು ಬಯಲಿಗೆಳೆದ. ಬಿಲ್ಲೆಯ ಮೋಹವೂ ಅದೇ ಜಾತಿಯದಲ್ಲವೇ? ಸಾಮಾನ್ಯ ಸರಕಿನ ವಿಷಯದಲ್ಲಿ ಆ ಟೀಕೆಗೆ ತಲೆಬಾಗಬೇಕು, ಏಕೆಂದರೆ ಅಂಗಡಿಯ ಅಂಗಿ ಅದನ್ನು ಹೊಲಿದವರನ್ನು ಮರೆಸಿ ಮಾರಾಟವಾಗುತ್ತದೆ. ಹಳೆಯ ಬಿಲ್ಲೆಯಲ್ಲಿ ನಡೆಯುವುದು ತಿರುಗುಮುರುಗು. ಕೊಟ್ಟವರು ಯಾರು, ಮಾಡಿದವರು ಯಾರು, ಯಾವ ವರ್ಷ, ಯಾರ ಕೈ ಎಂದು ಸಂಬಂಧಗಳನ್ನು ಒಂದೊಂದಾಗಿ ಹೊರಗೆಳೆಯದೆ ಅದನ್ನು ಬಯಸಲೇ ಆಗದು. ಕ್ಯಾಸಿನೊ ಬಿಲ್ಲೆಗಳ ಸಂಗ್ರಾಹಕರ ಸಂಘ ಅಮೆರಿಕದಲ್ಲಿ ಹುಟ್ಟಿದ್ದು 1988ರಲ್ಲಿ. ಅಲ್ಲಿಂದೀಚೆಗೆ ಅವರು ಮಾಡಿದ ಕೆಲಸದ ದೊಡ್ಡ ಪಾಲು ಪಟ್ಟಿ ಮಾಡುವುದು, ಕಾಲ ನಿರ್ಣಯಿಸುವುದು, ಖೋಟಾ ಬೇರ್ಪಡಿಸುವುದು. ಹಣವಂತರ ಹೂಡಿಕೆಯ ಆಟವೂ ಇದರ ಪಕ್ಕದಲ್ಲಿ ನಡೆಯುತ್ತದೆಂಬುದನ್ನು ಅಲ್ಲಗಳೆಯಲಾರೆ. ಆದರೆ ಹೂಡಿಕೆದಾರನೂ ಈ ದಾಖಲೆಯ ಮೇಲೆ ಒರಗಿಯೇ ನಿಂತಿರುತ್ತಾನೆ.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ನೀತಿಯದು, ಅದನ್ನು ಹಗುರವಾಗಿ ದಾಟಬಾರದು. ಜೂಜು ಮನೆ ಮುರಿಯುವ ಚಟ. ಋಗ್ವೇದದ ಹತ್ತನೆಯ ಮಂಡಲದ 34ನೇ ಸೂಕ್ತ ತಾರೆಕಾಯಿಯ ದಾಳಗಳಿಗೆ ಮರುಳಾಗಿ ಹೆಂಡತಿಯನ್ನೂ ಮನೆಯನ್ನೂ ಕಳೆದುಕೊಂಡವನ ಅಳಲು. ಹಸ್ತಿನಾವತಿಯ ಸಭೆಯಲ್ಲಿ ದ್ರೌಪದಿ ಎತ್ತಿದ ಪ್ರಶ್ನೆ, ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನು ಪಣಕ್ಕೊಡ್ಡುವ ಅಧಿಕಾರ ಉಳಿದಿತ್ತೇ ಎಂಬುದು, ಪಣದ ಹಿಂದಿನ ಹೊಣೆಯನ್ನೇ ಕುರಿತದ್ದು, ಆ ಸಭೆಯಲ್ಲಿ ಅದು ಇತ್ಯರ್ಥವಾಗಲಿಲ್ಲ. ಕ್ಯಾಸಿನೊ ಬಿಲ್ಲೆ ದಾಳಕ್ಕಿಂತ ಒಂದು ಕೈ ಮೇಲು: ಕೈಯಲ್ಲಿರುವುದು ದುಡ್ಡು ಎಂಬುದನ್ನು ಆಟಗಾರ ಮರೆಯುವುದಕ್ಕೆ ಅದು ಅನುಕೂಲ ಮಾಡಿಕೊಡುತ್ತದೆ. ಎರಡು ಸೊನ್ನೆಗಳ ಅಮೆರಿಕನ್ ರೂಲೆಟ್ ಚಕ್ರದಲ್ಲಿ 38 ಮನೆಗಳಿವೆ. ಪಣ ಹೂಡಿದ ಪ್ರತಿ ನೂರು ಡಾಲರಿನಲ್ಲಿ ಸರಾಸರಿ ಐದು ಡಾಲರಿಗೂ ಹೆಚ್ಚು ಕ್ಯಾಸಿನೊ ಪಾಲಾಗುವಂತೆ ಲೆಕ್ಕ ಮೊದಲೇ ಕೂತಿರುತ್ತದೆ. ಗೆದ್ದ ಒಂದು ಬಿಲ್ಲೆಗೆ ಹಣ ಕೊಡುವ ಹೊಣೆಯನ್ನು ಚಾಚೂ ತಪ್ಪದೆ ಹೊತ್ತ ಅದೇ ಮನೆ, ಸೋತು ಹೋದವನ ಮನೆಗೆ ಯಾವ ಹೊಣೆಯನ್ನೂ ಹೊರಲಿಲ್ಲ. ಇಂಥದ್ದರ ಕುರುಹನ್ನು ಆದರದಿಂದ ಇಟ್ಟುಕೊಳ್ಳಬಹುದೇ?

ಇಟ್ಟುಕೊಳ್ಳಬಹುದು ಎಂಬುದು ನನ್ನ ನಿಲುವು. ಆದರೆ ಅದು ಹೊತ್ತು ತಂದ ಸಾಕ್ಷ್ಯವನ್ನು ಪೂರ್ತಿ ಕೇಳುವವರಿಗೆ ಮಾತ್ರ ಈ ಮಾತು ಸಲ್ಲುತ್ತದೆ. ಸಿನಾಟ್ರಾನ ಹಾಡಿನ ನೆನಪಿಗೆ ಬಿಲ್ಲೆ ಕೊಂಡು, ಅದೇ ಕಾಲದ ಕ್ಯಾಸಿನೊಗಳಲ್ಲಿ ಹರಿದ ಕಳ್ಳಹಣವನ್ನೂ ಸೋತು ಹೊರಬಿದ್ದವರನ್ನೂ ಮರೆತರೆ ಅರ್ಧ ಸಾಕ್ಷ್ಯವನ್ನು ಬಚ್ಚಿಟ್ಟಂತೆ. ಮುಲಾನ್ ರೂಜ್ ಬಿಲ್ಲೆಗೆ ಸಂಗ್ರಾಹಕರು ಕೊಡುವ ಗೌರವ ಇಲ್ಲಿ ಅರ್ಥವಾಗುತ್ತದೆ. 1950ರ ದಶಕದ ಆದಿಯಲ್ಲಿ ಸ್ಟ್ರಿಪ್‌ನ ಹೋಟೆಲುಗಳಲ್ಲಿ ಕಪ್ಪು ಕಲಾವಿದರು ಹಾಡಬಹುದಿತ್ತು, ತಂಗುವಂತಿರಲಿಲ್ಲ. ಕಪ್ಪು ಗಿರಾಕಿಗಳು ಆಡುವಂತಿರಲಿಲ್ಲ. ನಗರದ ಪಶ್ಚಿಮ ಭಾಗದ ಬೊನಾಂಜಾ ರಸ್ತೆಯಲ್ಲಿ ತೆರೆದ ಈ ಕ್ಯಾಸಿನೊ ಹೋಟೆಲು ಬಿಳಿಯರು, ಕರಿಯರು ಒಂದೇ ಮೇಜಿಗೆ ಕೂರಬಹುದಾಗಿದ್ದ ಅಲ್ಲಿನ ಮೊದಲನೆಯದು. ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ ಆಗಿದ್ದ ಜೋ ಲೂಯಿಸ್ ಅಲ್ಲಿ ಅತಿಥಿಗಳನ್ನು ಎದುರುಗೊಳ್ಳುತ್ತಿದ್ದರು. ಸ್ಟ್ರಿಪ್‌ನಲ್ಲಿ ತಮ್ಮ ಕಾರ್ಯಕ್ರಮ ಮುಗಿಸಿದ ಕಲಾವಿದರು ನಡುರಾತ್ರಿ ಕಳೆದ ಮೇಲೆ ಇಲ್ಲಿಗೆ ಬಂದು ಮತ್ತೆ ಹಾಡುತ್ತಿದ್ದರು. ಕ್ಯಾಸಿನೊ ಬೇಗ ಮುಚ್ಚಿತಾದರೂ 1960ರ ಮಾರ್ಚ್ 26ರಂದು, ಸ್ಟ್ರಿಪ್‌ನ ಕ್ಯಾಸಿನೊಗಳ ವರ್ಣಭೇದವನ್ನು ಕೊನೆಗಾಣಿಸುವ ಒಪ್ಪಂದದ ಸಭೆ ಸೇರಿದ್ದು ಅದೇ ಕಟ್ಟಡದಲ್ಲಿ. ಆ ಮನೆಯ ಐದು ಡಾಲರ್ ಬಿಲ್ಲೆ ಆಟದ ಮೇಜಿಗೆ ಬಂದ ಯಾರಿಗೇ ಆಗಲಿ, ಮೈಬಣ್ಣ ನೋಡದೆ, ಐದು ಡಾಲರ್ ಕೊಡುವ ಹೊಣೆ ಹೊತ್ತಿತ್ತು. ಆ ಕಾಲದಲ್ಲಿ, ಆ ಊರಿನಲ್ಲಿ, ಇದು ಸಣ್ಣ ಮಾತಲ್ಲ. ಆ ಬಿಲ್ಲೆ ಒಂದು ಅನ್ಯಾಯಕ್ಕೂ ಅದರೆದುರು ನಿಂತ ಪ್ರಯತ್ನಕ್ಕೂ ಒಟ್ಟಿಗೆ ಸಾಕ್ಷಿ, ಜೂಜಿನ ಸಾಧನವಾಗಿದ್ದದ್ದು ಅದನ್ನು ಅಳಿಸುವುದಿಲ್ಲ. ಅಂಥ ಬಿಲ್ಲೆಯ ಖೋಟಾ ಮಾಡುವವನನ್ನು ಐದು ಡಾಲರ್ ನೋಟು ಖೋಟಾ ಮಾಡುವವನಿಗಿಂತ ದೊಡ್ಡ ತಪ್ಪಿತಸ್ಥನೆಂದು ನಾನು ಎಣಿಸುವುದೂ ಇದೇ ಕಾರಣಕ್ಕೆ. ನೋಟಿನ ಖೋಟಾದಿಂದ ಸರಕಾರಕ್ಕೋ ಅಂಗಡಿಯವನಿಗೋ ನಷ್ಟ, ತುಂಬಿಕೊಳ್ಳಬಹುದು. ಸಾಕ್ಷಿಗಳ ಸಾಲಿನಲ್ಲಿ ಸುಳ್ಳು ಸಾಕ್ಷಿಯನ್ನು ನಿಲ್ಲಿಸಿದರೆ ನಿಜದ ಸಾಕ್ಷಿಗಳ ಮಾತಿನ ಮೇಲೂ ಅನುಮಾನ ಬೀಳುತ್ತದೆ.

ಈ ವಾದ ಇಂದಿನ ಬಿಲ್ಲೆಗಳಿಗೆ ಎಷ್ಟು ದೂರ ಸಲ್ಲುತ್ತದೆ ಎಂಬ ಪ್ರಶ್ನೆ ಉಳಿದಿದೆ. 1960ರ ದಶಕದ ನಡುವಿನಲ್ಲಿ ಬೆಳ್ಳಿಯ ಡಾಲರುಗಳು ಸಿಗದಾದಾಗ ನೆವಾಡಾದ ಸ್ಲಾಟ್ ಯಂತ್ರಗಳಿಗೆ ಲೋಹದ ಟೋಕನ್ ಬಂತು. ಆಮೇಲೆ ಟೋಕನ್ ಹೋಗಿ ಬಾರ್‌ಕೋಡ್ ಮುದ್ರಿಸಿದ ಚೀಟಿ ಬಂತು. ದೊಡ್ಡ ಬೆಲೆಯ ಬಿಲ್ಲೆಗಳ ಹೊಟ್ಟೆಯಲ್ಲಿ ಈಗ ರೇಡಿಯೊ ತರಂಗದಿಂದ ಗುರುತು ಹೇಳುವ ಸಣ್ಣ ಎಲೆಕ್ಟ್ರಾನಿಕ್ ತುಣುಕು ಕೂತಿರುತ್ತದೆ, ಇಂಥ ಬಿಲ್ಲೆ ಅಸಲಿಯೋ ಅಲ್ಲವೋ ಎಂದು ಗಲ್ಲಾದಲ್ಲಿ ಕೂತವರಿಗೆ ಯಂತ್ರವೇ ಹೇಳುತ್ತದೆ. ಹಳೆಯ ಬಿಲ್ಲೆ ತಂದವನು ಯಾರೇ ಆಗಿರಲಿ ಕೊಡುತ್ತೇನೆಂದು ಎಲ್ಲರಿಗೂ ಒಟ್ಟಾಗಿ ಕೊಟ್ಟ ಮಾತಾಗಿತ್ತು, ಆ ಮಾತು ಬಿಲ್ಲೆಯ ಮೈಮೇಲೆಯೇ ಇತ್ತು. ಹೊಸದರಲ್ಲಿ ಮಾತು ಇರುವುದು ಕಂಪ್ಯೂಟರಿನ ಕಡತದಲ್ಲಿ; ಬಿಲ್ಲೆ ಆ ಕಡತದ ಬೀಗದ ಕೈ ಅಷ್ಟೇ. ಇವೂ ಮುಂದೆ ಸಂಗ್ರಾಹಕರ ಕಪಾಟು ಸೇರುತ್ತವೆ, ಬಣ್ಣಕ್ಕಾಗಿ, ಮುಚ್ಚಿಹೋದ ಮನೆಯ ಹೆಸರಿಗಾಗಿ. ಆದರೆ ಕಡತ ಅಳಿಸಿಹೋದ ಮೇಲೆ ಉಳಿಯುವ ಬಿಲ್ಲೆಯನ್ನು ನಾನು ಇಲ್ಲಿ ಹೇಳಿದ ಕಾರಣಕ್ಕೆ ಬಯಸಲಾಗದು, ಬೇರೆ ಕಾರಣ ಹುಡುಕಿಕೊಳ್ಳಬೇಕಾಗುತ್ತದೆ.